ಅಣು ಎಂಬ ಧಾನ್ಯ

ನಾಗಮಂಗಲದಿಂದ ಬರುತ್ತಿದ್ದೆ. ಟಾರು ರಸ್ತೆಯ ಮೇಲೆ ಯಾರೋ ರಾಗಿ ತೆನೆ ಹರಡಿದ್ದರು. ನಮ್ಮ ಬಸ್ಸು ಅದರ ಮೇಲೆ ಹಾದಾಗ ನಲುಗಿದ ಹುಲ್ಲಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಪಕ್ಕದವರು ಮೂಗಿಗೆ ಸೆರಗು ಹಿಡಿದರು. ನನಗೆ ಸಂಸ್ಕೃತದ ಮೇಷ್ಟ್ರು ನೆನಪಾದರು.

ಶ್ರೀರಂಗಪಟ್ಟಣದ ಶಾಲೆಯಲ್ಲಿ ಅವರು ಸಂಸ್ಕೃತ ಕಲಿಸುತ್ತಿದ್ದರು. ನಾನು ಆಗಷ್ಟೇ ಸೇರಿದ್ದ ಕನ್ನಡ ಟೀಚರು. ವೇದದಲ್ಲಿ ಧಾನ್ಯಗಳ ಹೆಸರು ಬರುವ ಮಂತ್ರಗಳನ್ನು ಆರಿಸಿ ಅವರು ಕನ್ನಡಕ್ಕೆ ತರುತ್ತಿದ್ದರು. ಅದು ಅವರ ಅರ್ಧ ಆಯುಷ್ಯದ ಕೆಲಸ. ವ್ರೀಹಿ ಎಂದರೆ ಭತ್ತ, ಅದರಲ್ಲಿ ತಕರಾರಿಲ್ಲ. ಯವ ಎಂದರೆ ಜವೆಗೋಧಿ ಎಂದು ಬರೆದು, ಬಹಳ ಹಿಂದೆ ಅದು ಹೊಲದಲ್ಲಿ ಬೆಳೆದ ಯಾವ ಕಾಳಿಗಾದರೂ ಸಲ್ಲುತ್ತಿದ್ದಿರಬಹುದು ಎಂದು ಕೆಳಗೆ ಸೇರಿಸಿದ್ದರು. ಅಣು ಎಂಬ ಧಾನ್ಯದ ಮುಂದೆ ಮಾತ್ರ ‘ಯಾವುದೋ ತಿಳಿಯದು’ ಎಂದಿತ್ತು.

ಅಚ್ಚು ಹಾಕಿಸಲು ನಾಗಮಂಗಲದ ಕಡೆಯ ಒಬ್ಬ ಗೌಡರು ಒಪ್ಪಿದ್ದರು, ತೀರಿಹೋದ ತಾಯಿಯ ನೆನಪಿಗೆ. ಬೇರೆ ಯಾರೂ ಒಪ್ಪಿರಲಿಲ್ಲ. ಮೇಷ್ಟ್ರ ಜೊತೆ ನಾನೂ ಹೋಗಿದ್ದೆ. ಗೌಡರು ಎಲ್ಲವನ್ನೂ ಓದಿಸಿ ಕೇಳಿ, ಆ ಒಂದು ಸಾಲಿಗೆ ತಡೆದರು.

“ಅಣು ಅಂದ್ರೆ ಸಣ್ಣದು ತಾನೆ ಮೇಷ್ಟ್ರೇ? ರಾಗಿಗಿಂತ ಸಣ್ಣ ಕಾಳು ಯಾವ್ದದೆ? ರಾಗಿ ಅಂತ ಬರ್ದ್‌ಬುಡಿ. ನಮ್ಮವ್ವ ಮುದ್ದೆ ತಿರುವಿ ತಿರುವಿ ಕೈ ಸವೆಸ್ಕಂಡವ್ಳು.”

“ಕೆಲವರು ಬರಗು ಅಂತಾರೆ, ಕೆಲವರು ಸಣ್ಣಕ್ಕಿ ಅಂತಾರೆ. ರಾಗಿ ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ ಗೌಡ್ರೇ.”

“ಮಂತ್ರ ಏಳ್ದೋರು ಬಂದು ನಿಮ್ಮನ್ನ ಕೇಳ್ತಾರಾ?”

“ಕೇಳಲ್ಲ. ಅದಕ್ಕೇ ಹೆದರಿಕೆ.”

ಅಂದು ಅವರ ಕಣದಲ್ಲಿ ರಾಗಿ ರಾಶಿ ಅಳೆಯುವುದಿತ್ತು. ಮೊದಲ ಕೊಳಗಕ್ಕೆ ಅಲ್ಲಿ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಗೌಡರು ಕೊಳಗವನ್ನು ಮೇಷ್ಟ್ರ ಕೈಗಿತ್ತರು. ಗೌರವವೋ ಕುಚೋದ್ಯವೋ ಗೊತ್ತಾಗಲಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು, ರಾಶಿ ಮುಟ್ಟಿ ಕಣ್ಣಿಗೊತ್ತಿಕೊಂಡು, “ಲಾಭ” ಎಂದು ಗಟ್ಟಿಯಾಗಿ ಹೇಳಿ ಅಳೆದರು. ಚಪ್ಪಲಿ ನಿಜಕ್ಕೂ ಬಿಟ್ಟರೇ... ಆ ಮಧ್ಯಾಹ್ನದ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ನಡುವೆ ಎಲ್ಲೋ ನಾನೇ ಬಿಡಿಸಿರಬಹುದು. ಮುಂದಿನ ಮಾತು ಮಾತ್ರ ನನ್ನ ಸೃಷ್ಟಿಯಲ್ಲ.

“ರಾಗಿಗೆ ಕೈ ಮುಗೀತೀರಿ, ಬರ್ಯಕ್ಕೆ ಆಗಕಿಲ್ವಾ?” ಎಂದರು ಗೌಡರು.

“ಕೈ ನಂದು, ಮುಗೀತೀನಿ. ಮಂತ್ರ ನಂದಲ್ವಲ್ಲ! ರಾಗಿ ನಿಮ್ಮವ್ವನ್ನ ಸಾಕ್ತು, ನಿಮ್ಮನ್ನ ಸಾಕ್ತು. ಅದಕ್ಕೆ ವೇದದ ಶಿಫಾರಸು ಯಾಕೆ?”

ಗೌಡರು ಎಳನೀರು ಕೆತ್ತಿಸಿ ಕೊಟ್ಟರು. ಬಸ್ಸಿನವರೆಗೂ ತಾವೇ ಬಂದರು. “ಕ್ವಾಪ ಇಲ್ಲ ಮೇಷ್ಟ್ರೇ. ಆದ್ರೆ ಅವ್ವನ ಎಸ್ರಲ್ಲಿ ‘ತಿಳಿಯದು’ ಅಂತ ಅಚ್ಚಾಕ್ಸಕೆ ನನ್ ಕೈಲಾಗಕಿಲ್ಲ.”

“ಒಂದೇ ಒಂದು ಪದ ಅಲ್ವಾ ಸಾರ್” ಎಂದೆ ಬಸ್ಸಿನಲ್ಲಿ. ಅವರು ಏನೆಂದರೋ... ಕಿಟಕಿಯ ಕಡೆ ತಿರುಗಿದ್ದಷ್ಟೇ ನೆನಪು.

ಪುಸ್ತಕ ಬರಲೇ ಇಲ್ಲ. ಮೇಷ್ಟ್ರು ಹೋದರು. ಅವರ ಹಾಳೆಗಳು ಯಾರ ಅಟ್ಟ ಸೇರಿದವೋ, ಕೇಳುವುದಕ್ಕೂ ಈಗ ಆ ಮನೆಯವರು ಊರಲ್ಲಿಲ್ಲ.

ಮೊನ್ನೆ ಪಾಂಡವಪುರದ ಕಾಲೇಜಿನಲ್ಲಿ ಅನುವಾದದ ಬಗ್ಗೆ ಮಾತಾಡಲು ಕರೆದಿದ್ದರು. ಮೇಷ್ಟ್ರ ವಿಷಯವನ್ನೇ ಹೇಳಿ ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಅವ್ರ ಪುಸ್ತಕ ಎಲ್ಲಿ ಸಿಗುತ್ತೆ ಮೇಡಂ?” ಎಂದಳು.

“ಸಿಗಲ್ಲ” ಎಂದೆ, ತಲೆಯೆತ್ತಿಯೇ.

ಅವಳು ಬರೆದುಕೊಳ್ಳಲು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿದಳು.