ವರದಿಯ ಕೊನೆಯ ಭಾಗ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಒಂದು ಆಸ್ಪತ್ರೆಯ ಎದುರು, ನಾನೂ ನನ್ನ ಗೆಳತಿಯೂ ತಿಂಗಳಿಡೀ ಬೆಳಗಿನ ಹೊತ್ತು ನಿಂತಿದ್ದೆವು. ಅಲ್ಲಿ ಡಿವೈಡರ್ ಕಟ್ಟುವ ಮೊದಲು ನಮ್ಮ ಕಚೇರಿಗೆ ಒಂದು ಅಧ್ಯಯನ ಬೇಕಿತ್ತು. ನಾನು ಆ ಕಚೇರಿಯಲ್ಲಿ ಕಿರಿಯ ಇಂಜಿನಿಯರ್. ಅವಳು ಭದ್ರಾವತಿಯ ಕಾರ್ಖಾನೆ ಕೆಲಸಗಾರರೊಬ್ಬರ ಮಗಳು, ಕಾಲೇಜಿನಲ್ಲಿ ಸಂಚಾರದ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಳು.

ವಾಹನ ಎಣಿಸಿದರೆ ಸಾಕು ಎಂದು ನಮ್ಮ ಕಚೇರಿಯ ಸಾಹೇಬರು ಹೇಳಿದ್ದರು. ಅವಳು ಅಷ್ಟಕ್ಕೆ ನಿಲ್ಲಲಿಲ್ಲ. ಬಸ್ಸಿಳಿದವರ ಜೊತೆ ತಾನೂ ರಸ್ತೆ ದಾಟುತ್ತ, "ಅಮ್ಮಾ, ದಿನಾ ಇಲ್ಲೇ ದಾಟ್ತೀರಾ?" ಎಂದು ಕೇಳುವಳು. ನಾನು ಹಾಳೆ ಹಿಡಿದು ಹಿಂದೆ ಓಡುತ್ತಿದ್ದೆ. ಮಂಡಿನೋವಿನ ಅಜ್ಜಿಯೊಬ್ಬರು ಅವಳ ತೋಳು ಹಿಡಿದು ಆಚೆ ಮುಟ್ಟಿದ ಮೇಲೆ, "ನಾಳೆನೂ ಇರ್ತೀಯಾ ಮಗಾ?" ಎಂದರು. ಕೆಲಸ ಮುಗಿದ ಮೇಲೆ ಪೆಟ್ಟಿಗೆ ಅಂಗಡಿಯಲ್ಲಿ ಬೈಟು ಟೀ. ಅಷ್ಟು ನಗು ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ವರದಿಯ ಕೊನೆಯ ಭಾಗ ಅವಳದು: ಆಸ್ಪತ್ರೆಯ ಎದುರು ಜನ ದಾಟಲು ಡಿವೈಡರ್‌ನಲ್ಲಿ ದಾರಿ ಬಿಡಬೇಕು. ಸಭೆಯಲ್ಲಿ ಸಾಹೇಬರು ವಾಹನಗಳ ಲೆಕ್ಕ ನೋಡಿ ಫೈಲು ಮುಚ್ಚಿದರು.

"ಸರ್, ಕೊನೆ ಭಾಗ?" ಎಂದಳು.

"ಟೆಂಡರ್ ಆಗಿದೆಯಮ್ಮ. ಮೇಲಕ್ಕೆ ಕಳಿಸೋಕೆ ಒಂದು ವರದಿ ಬೇಕಿತ್ತು, ಅಷ್ಟೇ."

ಅವರು ಕೆಟ್ಟವರಲ್ಲ. ನಿರ್ಧಾರ ಮೊದಲೇ ಆಗಿತ್ತು. ಹೊರಗೆ ಬಂದು ಅವಳು, "ಹಾಗಾದ್ರೆ ಅಷ್ಟು ಜನರನ್ನ ಯಾಕೆ ಕೇಳಿದ್ವಿ ಮಾರಾಯ್ತಿ?" ಎಂದಳು. ಡಿವೈಡರ್ ಎದ್ದಿತು. ಮುಂದಿನ ವರ್ಷ ಅವಳಿಗೆ ಕಲಬುರಗಿಯಲ್ಲಿ ಕೆಲಸವಾಯಿತು, ಹೊರಟುಹೋದಳು.

ವರ್ಷಗಳ ನಂತರ ಹೊಸ ಅಧಿಕಾರಿಯಾಗಿ ಬಂದ ಮಹಿಳೆ ಹಳೆಯ ವರದಿಗಳನ್ನೆಲ್ಲ ತರಿಸಿದರು. ನಮ್ಮದನ್ನು ಕೊನೆಯವರೆಗೂ ಓದಿ, "ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ ನೋಡೋಣ ಬನ್ನಿ" ಎಂದರು. ಜನ ಸೀರೆ, ಪಂಚೆ ಎತ್ತಿಕಟ್ಟಿ ಡಿವೈಡರ್ ಹತ್ತಿ ಇಳಿಯುವುದನ್ನು ಅರ್ಧ ಗಂಟೆ ನಿಂತು ನೋಡಿದರು. ಮಳೆಗಾಲಕ್ಕೆ ಮೊದಲೇ ಅಷ್ಟು ಭಾಗ ಒಡೆಸಿ, ಬಿಳಿ ಪಟ್ಟಿ ಬಳಿಸಿದರು.

ಆ ದಿನವೇ ಅಲ್ಲಿ ನಿಂತು ಅವಳಿಗೆ ಫೋನ್ ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿ, ದಾರಿ ಎಷ್ಟು ಅಗಲ ಬಿಟ್ಟಿದ್ದಾರೆ ಎಂದು ವಿಚಾರಿಸಿದಳು.

"ರಜೆ ಸಿಕ್ಕಿದ್ರೆ ಬರ್ತೀನಿ ಕಣೇ. ಒಂದ್ಸಲ ನೋಡ್ಬೇಕು."

ಎರಡು ಬೇಸಿಗೆ ಕಳೆದವು. ಶಿವಮೊಗ್ಗದ ಗೋಪಾಳದಲ್ಲಿರುವ ಮನೆಯಿಂದ ಭದ್ರಾವತಿಗೆ ಹೊರಟಾಗಲೆಲ್ಲ ಕಿಟಕಿ ಪಕ್ಕ ಕೂರುತ್ತೇನೆ. ಅಲ್ಲಿ ದಾಟುವವರ ನಡುವೆ ಅವಳಷ್ಟೇ ಎತ್ತರದ ಹೆಂಗಸು ಕಂಡರೆ, ಬಸ್ಸು ಮುಂದೆ ಹೋದರೂ ಕತ್ತು ತಿರುಗಿಸಿ ನೋಡುತ್ತಿರುತ್ತೇನೆ.