ಅಂಗನವಾಡಿಯ ಸಾವ್ಕಾರರು

ನಮ್ಮವ್ವ ಹಿರೇಬೆಂಡಿಗೇರಿಯಲ್ಲಿ ಅಂಗನವಾಡಿ ಟೀಚರು. ಮನೆಯಲ್ಲಿ ನನ್ನನ್ನು ಕರೆಯುವುದು ‘ಏ ಕತ್ತಿ’ ಎಂದು, ಅಂದರೆ ಕತ್ತೆ. ಅಂಗನವಾಡಿಗೆ ಮೂಗು ಸುರಿಸಿಕೊಂಡು ಬರುವ ಎರಡು ವರ್ಷದವರಿಗೆ ಮಾತ್ರ ‘ಬರ್ರಿ ಸಾವ್ಕಾರ್ರ, ಕುಂದರ್ರಿ’ ಎಂಬ ಮರ್ಯಾದೆ. ಯಾಕೆಂದು ಕೇಳಿದ್ದೆ.

“ಇವರ ಅವ್ವ-ಅಪ್ಪಗ ಹೊಲದಾಗ ಯಾರೂ ರೀ ಹಚ್ಚಂಗಿಲ್ಲ. ಹುಡುಗರರ ಕೇಳ್ಲಿ.”

“ಮತ್ತ ನನಗ?”

“ಯೋಗ್ಯ ಆದ ದಿನ ಅಂತೇನಿ, ಕತ್ತಿ.”

ಊರಲ್ಲಿ ನಾನು ಅಣಕಿಸದವರಿಲ್ಲ. ಶಿಗ್ಗಾಂವಿ ಬಸ್ಸಿನ ಕಂಡಕ್ಟರ್, ಹಾಲು ಅಳೆಯುವವನ ಕೆಮ್ಮು, ಯಾರೂ ಸಿಗದಿದ್ದರೆ ನನ್ನದೇ ಬಾತುಕೋಳಿ ಓಟ. ಕಾಲೇಜಿಲ್ಲದ ದಿನ ಅಂಗನವಾಡಿಗೆ ಹೋಗಿ ಅವ್ವನನ್ನೇ ಅಣಕಿಸುತ್ತಿದ್ದೆ. ಒಂದು ಕೈ ಸೊಂಟದ ಮೇಲೆ, ಕತ್ತು ವಾರೆ: ‘ಕುಂದರ್ರಿ, ಉಣ್ರಿ!’ ಮಕ್ಕಳು ಉಪ್ಪಿಟ್ಟು ಬಿಟ್ಟು ನಗುತ್ತಿದ್ದವು.

ಅವರಲ್ಲೊಬ್ಬಳು ನಗುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮೂರು ತುಂಬುತ್ತ ಬಂದರೂ ‘ಅವ್ವ’ ಎಂದಿರಲಿಲ್ಲ. ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗುವ ತಾಯಿ, ಕರೆದೊಯ್ಯಲು ಬಂದಾಗಲೆಲ್ಲ ಹೊಸ್ತಿಲಾಚೆ ನಿಂತೇ ಕೇಳುತ್ತಿದ್ದಳು:

“ಇವತ್ತರ ಏನರ ಅಂದ್ಲೇನ್ರಿ ಅಕ್ಕೋರ?”

ಕಿವಿ ಸರಿಯಿದೆ, ಮಾತಾಡಿಸುತ್ತಿರಿ ಎಂದಿದ್ದರು ಡಾಕ್ಟರು. “ಯಾವಾಗ ಮಾತಾಡ್ಸಲ್ರಿ? ಮುಂಜಾನೆ ಹೊಲ, ಸಂಜೀಕ ಒಲಿ. ಮೂಕಿ ಆದ್ರ ಏನ್ ಮಾಡ್ಲಿ?” ಎಂದು ಸೆರಗು ಕಚ್ಚುತ್ತಿದ್ದಳು.

ಅವ್ವ ನನ್ನ ಕಡೆ ತಿರುಗಿದಳು. “ನಿನ್ನ ಮಂಗ್ಯಾನಾಟ ಇಕಿ ಮುಂದ ಆಡು. ಒಮ್ಮಿಯರ ಉಪಯೋಗಕ್ಕ ಬಾ.”

ಆಡಿದೆ. ಎಮ್ಮೆಯಾದೆ, ಹುಂಜವಾದೆ, ಅವ್ವನಂತೂ ದಿನಾ ಆದೆ. ಹುಡುಗಿ ನನ್ನ ಬಾಯೊಳಗೆ ಬೆರಳಿಟ್ಟು ದನಿ ಎಲ್ಲಿದೆಯೆಂದು ಹುಡುಕಿದಳು. ಮಾತು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ತಾಯಿ ಬಂದಳು. ಕಾಲೆಲ್ಲ ಕೆಸರು, ಎಂದಿನಂತೆ ಹೊರಗೇ ನಿಂತಳು. ಹುಡುಗಿ ತಾಟು ಬಿಟ್ಟು ಎದ್ದಳು. ಕೈ ಸೊಂಟಕ್ಕೆ ಹೋಯಿತು, ಕತ್ತು ವಾರೆಯಾಯಿತು.

“ಬಲ್ಲಿ... ಕುಂದಲ್ಲಿ.”

ತಾಯಿ ಹೊಸ್ತಿಲು ದಾಟಿ ಬಂದು ಅಲ್ಲೇ ಕೂತಳು.

“ನನಗ ಅಂದ್ಲೇನ್ರಿ?”

“ನಿಮಗ ಅಂದ್ಲು ನೋಡ್ರಿ,” ಎಂದಳು ಅವ್ವ. ದನಿ ನಡುಗಿತು, ಅದನ್ನು ನಾನು ಈವರೆಗೆ ಅಣಕಿಸಿಲ್ಲ.

“ನನ್ನ ಶಿಷ್ಯಳ್ರಿ! ಸೊಂಟದ ಮ್ಯಾಲಿನ ಕೈ ನೋಡ್ರಿ!” ಎಂದೆ.

“ಕೈ ನಂದಪಾ,” ಎಂದಳು ಅವ್ವ.

“ಕಲಿಸಿದಾಂವ ನಾನಬೇ!”

ಇಂದಾದರೂ ನನಗೊಂದು ‘ರೀ’ ಸಿಕ್ಕೀತೆಂದು ಎದೆಯುಬ್ಬಿಸಿ ನಿಂತೆ.

“ಏ ಕತ್ತಿ, ಹಂಗ ನಿಂತಿಯಲ್ಲ? ನೀರು ತಾ. ಅವರು ಒಳಗ ಬಂದಾರ.”

ಉಬ್ಬಿದ ಎದೆ ಇಳಿಸದೆಯೇ ಓಡಿದೆ. ಹಿಂದಿನಿಂದ ಆ ಹುಡುಗಿ ನನ್ನ ಬಾತುಕೋಳಿ ಓಟವನ್ನು ಅಣಕಿಸುತ್ತ ಬರುತ್ತಿದ್ದಳು. ನನಗಿಂತ ಚೆನ್ನಾಗಿತ್ತು.