ಜಠರ ದಾಟಬೇಕಾದ ಮಣಿಗಳು

ಹದಿನೆಂಟು ವರ್ಷ ದುಡಿದ ಜಾಮ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಆಕೆ ಔಷಧ ಪ್ರಯೋಗಾಲಯಕ್ಕೆ ಗಾಜಿನ ಪಾತ್ರೆ ತೊಳೆಯಲು ಬಂದಳು. ಮೊದಲ ದಿನವೇ ಎಲ್ಲರ ಬಾಯಲ್ಲೂ ಜಾಮಕ್ಕನಾದಳು. ಅಂದು ಪ್ರಯೋಗಾಲಯದ ಮೇಡಂ ತೆರೆದ ಡಬ್ಬಿಯೊಳಗೆ ಇಣುಕಿ, "ಅಯ್ಯೋ, ಇದು ನಮ್ಮ ಪೆಕ್ಟಿನ್ ಅಲ್ವಾ? ಜಾಮ್ ಗಟ್ಟಿಯಾಗ್ಲಿ ಅಂತ ಹಾಕ್ತಿದ್ವಿ. ಇದೂ ಔಷಧೀನಾ ಮೇಡಂ?" ಎಂದಳು.

"ಔಷಧಿ ಅಲ್ಲ ಅಕ್ಕ, ಔಷಧಿ ಕೂರೋ ಗಾಡಿ," ಎಂದು ಮೇಡಂ ನಕ್ಕರು.

ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್ ಒಂದು ಪಾಲಿಸ್ಯಾಕರೈಡ್. ಸಕ್ಕರೆಯ ಅಣುಗಳು ಸರಪಳಿಯಂತೆ ಹೆಣೆದುಕೊಂಡ ವಸ್ತು. ಜಠರಕ್ಕೆ ಅದು ಜೀರ್ಣವಾಗದು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಮೃಷ್ಟಾನ್ನ. ಔಷಧ ಬೆರೆಸಿದ ಪೆಕ್ಟಿನ್ ದ್ರಾವಣವನ್ನು ಕ್ಯಾಲ್ಸಿಯಂ ನೀರಿಗೆ ಹನಿಹನಿಯಾಗಿ ಬಿಟ್ಟರೆ ಮಣಿಗಳಾಗುತ್ತವೆ. ಆ ಮಣಿಗಳು ಜಠರವನ್ನು ದಾಟಿ, ಹುಣ್ಣಾದ ದೊಡ್ಡ ಕರುಳಿನಲ್ಲಿಯೇ ಬಿಚ್ಚಿಕೊಳ್ಳಬೇಕು.

ಇದನ್ನು ತಿಳಿದಂದಿನಿಂದ ಜಾಮಕ್ಕನಿಗೆ ಮಣಿಗಳೆಂದರೆ ಪ್ರಾಣ. ಆಕೆಯ ತಮ್ಮನಿಗೂ ಅದೇ ಕರುಳು ಹುಣ್ಣಿನ ಕಾಯಿಲೆ. ಐದು ವರ್ಷದಿಂದ ಶೌಚಾಲಯ ಹತ್ತಿರವಿಲ್ಲದ ಕಡೆ ಕಾಲಿಟ್ಟವನಲ್ಲ. ದಿನವೂ ಫೋನಿನಲ್ಲಿ ರೇಗಿಸುತ್ತಿದ್ದ: "ಅಕ್ಕಾ, ನನ್ನ ಗಾಡಿ ಹೊರಡ್ತಾ?"

"ಸುಮ್ನಿರೋ, ಇನ್ನೂ ಚಕ್ರ ಜೋಡಿಸ್ತಿದೀವಿ."

ವರ್ಷದೊಳಗೆ ಹನಿ ಬಿಡುವ ಕೆಲಸ ಆಕೆಯ ಪಾಲಿಗೇ ಬಂದಿತು. ಆದರೆ ಒಂದು ವಾರ ಮಣಿಗಳು ಕೈಕೊಟ್ಟವು. ಜಠರದಂಥ ಆಮ್ಲದ ನೀರಿನಲ್ಲಿ ಎರಡು ಗಂಟೆ ತಡೆಯಬೇಕಾದವು ಅರ್ಧ ಗಂಟೆಗೇ ಒಡೆದವು. ಮೇಡಂ ತಮ್ಮ ಸೂತ್ರವನ್ನೇ ಶಂಕಿಸಿದರು. "ಶುಕ್ರವಾರದೊಳಗೆ ಸರಿಹೋಗ್ದಿದ್ರೆ ಇದನ್ನ ಕೈಬಿಡ್ಬೇಕು ಅಕ್ಕ," ಎಂದಾಗ ಅವರ ಮುಖ ಬಾಡಿತ್ತು.

ಅಂದು ಖಾಲಿ ಚೀಲ ಮಡಚುತ್ತಿದ್ದಂತೆ ಜಾಮಕ್ಕನಿಗೆ ತನ್ನ ತಪ್ಪು ಹೊಳೆಯಿತು. ಕಾರ್ಖಾನೆಯಲ್ಲಿ ಒಂದು ಚೂರೂ ಪೋಲಾಗಬಾರದೆಂದು ಹಳೆಯ ಚೀಲದ ತಳದಲ್ಲಿ ಉಳಿದ ಪುಡಿಯನ್ನು ಹೊಸದಕ್ಕೆ ಸುರಿಯುವುದು ರೂಢಿ. ಇಲ್ಲಿಯೂ ಕೈ ಹಾಗೆಯೇ ಓಡಿತ್ತು. ಬೇರೆ ಪ್ರಯೋಗಕ್ಕೆ ತರಿಸಿದ್ದ ಚೀಲದ ತಳದ ಪುಡಿಯನ್ನು ಮಣಿಯ ಪೆಕ್ಟಿನ್ ಡಬ್ಬಿಗೆ ಸುರಿದಿದ್ದಳು. ಪೆಕ್ಟಿನ್‌ನಲ್ಲಿ ಎರಡು ಜಾತಿ. ಆ ಚೀಲದ್ದು ಜಾಮಿನ ಜಾತಿ. ಸಕ್ಕರೆ, ಹುಳಿ ಎರಡೂ ಸಿಕ್ಕರಷ್ಟೇ ಗಟ್ಟಿಯಾಗುವಂಥದು. ಬರಿಯ ಕ್ಯಾಲ್ಸಿಯಂ ನೀರಿಗೆ ಜಗ್ಗದು. ನೋಡಲು ಮಾತ್ರ ಎರಡೂ ಒಂದೇ ಪುಡಿ.

ಹೇಳಿದರೆ ಕೆಲಸ ಹೋದೀತು. ಬಾಯಿ ಮುಚ್ಚಿಕೊಂಡರೆ ಮಣಿಗಳೇ ಹೋದಾವು. ಆಕೆ ಕೈ ಒರೆಸಿಕೊಂಡು ಮೇಡಂ ಕೋಣೆಗೆ ನಡೆದಳು.

"ತಪ್ಪು ಸೂತ್ರದ್ದಲ್ಲ ಮೇಡಂ, ನಂದು," ಎಂದು ಎಲ್ಲವನ್ನೂ ಒಪ್ಪಿಸಿದಳು.

ಮೇಡಂ ತಲೆಯ ಮೇಲೆ ಕೈ ಹೊತ್ತರು. "ವಾರದಿಂದ ನನ್ನ ತಲೆ ತಿಂದಿದ್ದು ನೀವಾ!"

"ಬೈಯಿರಿ ಮೇಡಂ."

"ಬೈಯೋದು ಆಮೇಲೆ. ಮೊದ್ಲು ಹೊಸ ಚೀಲ ಬಿಚ್ಚಿ."

ಗುರುವಾರದ ಮಣಿಗಳು ಆಮ್ಲದಲ್ಲಿ ಎರಡು ಗಂಟೆ ಈಜಿಯೂ ಗುಂಡಗೇ ಉಳಿದವು. ಬೈಗುಳವೂ ಹೊಟ್ಟೆ ತುಂಬ ಸಿಕ್ಕಿತು, ಕೆಲಸ ಹೋಗಲಿಲ್ಲ.

ಕೆಲವು ವರ್ಷಗಳ ಪರೀಕ್ಷೆಗಳನ್ನು ದಾಟಿದ ಆ ಮಣಿಗಳ ಕ್ಯಾಪ್ಸೂಲುಗಳನ್ನು ಈಗ ಆಸ್ಪತ್ರೆಯೊಂದರಲ್ಲಿ ಕೆಲವು ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ. ಫಲ ತಿಳಿಯಲು ಇನ್ನೂ ಒಂದು ವರ್ಷ ಬೇಕು. ತಮ್ಮನೂ ರೋಗಿಗಳ ಮುಂದಿನ ತಂಡಕ್ಕೆ ಹೆಸರು ಬರೆಸಿದ್ದಾನೆ. ಜಾಮಕ್ಕ ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಕವೇರಿಸಿ ಹನಿ ಬಿಡುವ ಸೂಜಿಯ ಮುಂದೆ ಕೂರುತ್ತಾಳೆ. ಪಕ್ಕದಲ್ಲಿ ಕಲಿಯಲು ನಿಂತ ವಿದ್ಯಾರ್ಥಿನಿಗೆ, "ನಿಧಾನ ಕಣಮ್ಮ, ಅವಸರ ಮಾಡಿದ್ರೆ ಮಣಿಗೆ ಬಾಲ ಬರತ್ತೆ," ಎನ್ನುತ್ತ ಇನ್ನೊಂದು ಹನಿ ಬಿಡುತ್ತಾಳೆ.